ಕಲ್ಲು ನೀರಾಗುವ ಹೊತ್ತು

ನಾಸಿಕದ ತ್ರ್ಯಂಬಕ ಬೆಟ್ಟಗಳಿಂದ ಮೂಡಲಿಗೆ, ಛತ್ರಪತಿ ಸಂಭಾಜಿನಗರವನ್ನು ದಾಟಿ ಬುಲ್ಢಾಣಾ ಜಿಲ್ಲೆಯವರೆಗೆ ಹಬ್ಬಿರುವ ನೆಲದ ಬುಡದಲ್ಲಿರುವುದು ಒಂದೇ ಜಾತಿಯ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿ ಉಂಟಾದ ಈ ಬಸಾಲ್ಟ್ ಶಿಲೆಯ ಗಡಸುತನವನ್ನು ಅರಿಯಲು ನಾಸಿಕದ ಪಾಂಡವಲೇಣಿಯನ್ನೋ ಎಲ್ಲೋರವನ್ನೋ ನೋಡಿದರೆ ಸಾಕು. ಕನ್ನಡ ನಾಡನ್ನೂ ಆಳಿದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ, 8ನೆಯ ಶತಮಾನದಲ್ಲಿ, ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಯುತ್ತ ಬಂದು ಕೈಲಾಸ ದೇವಾಲಯವನ್ನು ಬಿಡಿಸಿದ ಶಿಲ್ಪಿಗಳ ಉಳಿಯ ಗುರುತುಗಳು ಅಲ್ಲಿನ ಗೋಡೆಗಳಲ್ಲಿ ಇಂದಿಗೂ ಕಾಣುತ್ತವೆ. ಸಹಸ್ರ ವರ್ಷ ಕಳೆದರೂ ಉಳಿಯ ಗೀರನ್ನು ಬಿಟ್ಟುಕೊಡದ ಅದೇ ಕಲ್ಲು, ಸಂಭಾಜಿನಗರದಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದ ಲೋಣಾರದಲ್ಲಿ ಒಮ್ಮೆ, ಕೆಲವೇ ಕ್ಷಣಗಳ ಮಟ್ಟಿಗೆ, ದ್ರವದಂತೆ ಹರಿದು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿಯಾಯಿತು. ಕಲ್ಲು ಕರಗಿ ದ್ರವವಾದದ್ದು ಅದರಲ್ಲಿ ಅತ್ಯಲ್ಪ ಪಾಲು. ಉಳಿದದ್ದು ಘನವಾಗಿದ್ದುಕೊಂಡೇ ದ್ರವದ ನಿಯಮಕ್ಕೆ ತಲೆಬಾಗಿತು. ಈ ವಿರೋಧಾಭಾಸವನ್ನು ಬಿಡಿಸಿಕೊಳ್ಳಬೇಕಾದರೆ, ವೇಗವಾಗಿ ಬರುವ ವಸ್ತುವೊಂದು ನಿಜವಾದ ದ್ರವಕ್ಕೆ ಬಡಿದಾಗ ನಡೆಯುವುದೇನು ಎಂಬುದರಿಂದಲೇ ತೊಡಗಬೇಕು.

ಯಾವುದೇ ಮಾಧ್ಯಮವನ್ನು ಮೆಲ್ಲಗೆ ತಟ್ಟಿದರೆ ಆ ಸುದ್ದಿ ಶಬ್ದದ ವೇಗದಲ್ಲಿ ಹರಡುತ್ತದೆ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್. ಆದರೆ ತಟ್ಟುವುದರ ಬದಲು ಬಲವಾಗಿ ಗುದ್ದಿದಾಗ ಪರಿಸ್ಥಿತಿ ಬೇರೆಯಾಗುತ್ತದೆ, ಏಕೆಂದರೆ ಅದುಮಿದ ದ್ರವದಲ್ಲಿ ಶಬ್ದದ ವೇಗ ಹೆಚ್ಚುತ್ತದೆ ಮತ್ತು ಹಿಂದಿನಿಂದ ಹೊರಟ ಒತ್ತಡದ ಅಲೆಗಳು ಮುಂದೆ ಹೋದವುಗಳನ್ನು ಬೆನ್ನಟ್ಟಿ ಹಿಡಿಯುತ್ತವೆ. ತೇರಿನ ಬೀದಿಯಲ್ಲಿ ಮುಂದಿನವರ ನಡಿಗೆ ನಿಧಾನವಾಗಿದ್ದು ಹಿಂದಿನವರು ಓಡಿಬಂದರೆ ಆಗುವ ನೂಕುನುಗ್ಗಲಿನ ಹಾಗೆ, ಎಲ್ಲ ಅಲೆಗಳೂ ಒಂದೆಡೆ ಒತ್ತರಿಸಿ ನಿಂತು ಕಡಿದಾದ ಗೋಡೆಯೊಂದು ಏಳುತ್ತದೆ; ಅದರ ಮುಂದೆ ಮಾಧ್ಯಮ ಏನೂ ಅರಿಯದೆ ತಣ್ಣಗಿರುತ್ತದೆ, ಹಿಂದೆ ಅದುಮಲ್ಪಟ್ಟು, ಬಿಸಿಯಾಗಿ, ತಾನೂ ಮುಂದಕ್ಕೆ ಚಲಿಸುತ್ತಿರುತ್ತದೆ. ಈ ಗೋಡೆಯೇ ಆಘಾತ ತರಂಗ. ಗಾಳಿಯಲ್ಲಿ ಇದನ್ನು ಹುಟ್ಟಿಸಲು ದೊಡ್ಡ ಸಲಕರಣೆಯೇನೂ ಬೇಡ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಪಿ.ಜೆ. ರೆಡ್ಡಿಯವರು ಕೈಯಿಂದಲೇ ನಡೆಸಬಹುದಾದ ಪುಟ್ಟ ಆಘಾತ ನಳಿಕೆಯೊಂದನ್ನು ರೂಪಿಸಿ ತೋರಿಸಿದ್ದಾರೆ. ಅದು ಇಂದು ಅವರ ಹೆಸರಿನಲ್ಲಿಯೇ 'ರೆಡ್ಡಿ ಟ್ಯೂಬ್' ಎಂದು ಕರೆಸಿಕೊಳ್ಳುತ್ತದೆ.

ಆಘಾತದ ಗೋಡೆಯೊಳಗೆ ನಡೆಯುವುದು ಎಷ್ಟೇ ಗೋಜಲಾಗಿದ್ದರೂ ಅದರ ಎರಡೂ ಬದಿಯ ಲೆಕ್ಕ ಮಾತ್ರ ನೇರವಾದುದು. ಒಳಹೊಕ್ಕ ದ್ರವ್ಯರಾಶಿ, ಸಂವೇಗ ಮತ್ತು ಶಕ್ತಿ ಹಾಗೆಯೇ ಹೊರಬರಬೇಕೆಂಬ ಮೂರು ನಿಯಮಗಳನ್ನು ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ 1870ರಲ್ಲಿಯೂ ಫ್ರಾನ್ಸಿನ ಪಿಯರ್ ಹೆನ್ರಿ ಯೂಗೋನಿಯೊ 1887ರ ಸುಮಾರಿಗೂ ಬೇರೆ ಬೇರೆಯಾಗಿ ಆಘಾತಕ್ಕೆ ಅನ್ವಯಿಸಿದರು. ಸಂವೇಗದ ನಿಯಮವನ್ನು ಮಾತಿನಲ್ಲಿ ಹೇಳುವುದಾದರೆ, ಆಘಾತದ ಹಿಂದಿನ ಒತ್ತಡವು ಮಾಧ್ಯಮದ ಮೂಲ ಸಾಂದ್ರತೆ, ಆಘಾತದ ವೇಗ ಮತ್ತು ಆಘಾತ ಹಾದುಹೋದ ಮೇಲೆ ಮಾಧ್ಯಮದ ಕಣಗಳು ಪಡೆಯುವ ವೇಗ, ಈ ಮೂರರ ಗುಣಲಬ್ಧವಾಗಿರುತ್ತದೆ. ನಿಯಮಗಳು ಮೂರೇ ಇದ್ದು ಅಜ್ಞಾತಗಳು ಹೆಚ್ಚಿರುವುದರಿಂದ, ಮಾಧ್ಯಮದ ಸ್ವಭಾವವನ್ನು ಹೇಳುವ ಇನ್ನೊಂದು ಸಂಬಂಧ ಬೇಕಾಗುತ್ತದೆ. ಪ್ರಯೋಗಗಳಲ್ಲಿ ಹೆಚ್ಚಿನ ವಸ್ತುಗಳಿಗೆ ಅದು ಅಚ್ಚರಿಯೆನಿಸುವಷ್ಟು ಸರಳವಾಗಿ, ಕಣವೇಗ ಹೆಚ್ಚಿದಂತೆ ಆಘಾತವೇಗ ಒಂದೇ ಪ್ರಮಾಣದಲ್ಲಿ ಹೆಚ್ಚುವ ನೇರಗೆರೆಯಾಗಿ ಸಿಗುತ್ತದೆ. ನೀರಿಗೆ ಆ ಗೆರೆ ಸೆಕೆಂಡಿಗೆ 1.48 ಕಿಲೋಮೀಟರಿನಿಂದ ಹೊರಟು, ಮಿತವಾದ ಕಣವೇಗಗಳಲ್ಲಿ, ಕಣವೇಗದ ಸುಮಾರು 1.9 ಪಟ್ಟಿನಂತೆ ಏರುತ್ತದೆ. ಕಬ್ಬಿಣಕ್ಕೆ ಸುಮಾರು 3.8ರಿಂದ ಹೊರಟು 1.58 ಪಟ್ಟಿನಂತೆ, ಬಸಾಲ್ಟಿಗೆ ಸುಮಾರು 2.6ರಿಂದ ಹೊರಟು 1.62 ಪಟ್ಟಿನಂತೆ. ಇಡೀ ಶಾಸ್ತ್ರದ ಬಂಡವಾಳ ಇಷ್ಟು ಅಂಕಿಗಳು.

ನಾಸಿಕದ ಪಕ್ಕದ ದೇವಳಾಲಿಯಲ್ಲಿ ಭಾರತೀಯ ಸೇನೆಯ ಫಿರಂಗಿ ಶಾಲೆಯಿದೆ. 2018ರ ನವೆಂಬರಿನಲ್ಲಿ ಕೆ-9 ವಜ್ರ ಎಂಬ 155 ಮಿಲಿಮೀಟರ್ ತೋಪು ಸೇನೆಗೆ ಸೇರ್ಪಡೆಯಾದದ್ದೂ ಅಲ್ಲಿಯೇ. ಈ ವರ್ಗದ ತೋಪಿನ ಗುಂಡು ಸೆಕೆಂಡಿಗೆ 900 ಮೀಟರಿನ ಆಸುಪಾಸಿನಲ್ಲಿ ನಳಿಕೆಯನ್ನು ಬಿಡುತ್ತದೆ. ಅಷ್ಟೇ ವೇಗದ, ಆದರೆ ಸಿಡಿಮದ್ದಿಲ್ಲದ ಬರಿಯ ಕಬ್ಬಿಣದ ತುಂಡೊಂದು ನಿಂತ ನೀರಿಗೆ ಬಡಿಯಿತು ಎಂದು ಕಲ್ಪಿಸಿಕೊಂಡರೆ ಒಂದು ಸ್ವಾರಸ್ಯ ಎದುರಾಗುತ್ತದೆ: ಗಾಳಿಯಲ್ಲಿ ಶಬ್ದಕ್ಕಿಂತ ಎರಡೂವರೆ ಪಟ್ಟು ಮಿಗಿಲಾಗಿ ಓಡುವ ಈ ತುಂಡು ನೀರಿನ ಮಟ್ಟಿಗೆ ಶಬ್ದಕ್ಕಿಂತ ನಿಧಾನಿ. ಹಾಗಿದ್ದರೂ ಆಘಾತ ತರಂಗ ಹುಟ್ಟುತ್ತದೆ. ಮುಟ್ಟಿದ ಕ್ಷಣದಲ್ಲಿ ಕಬ್ಬಿಣದ ಮುಖಕ್ಕೆ ತಾಗಿದ ನೀರಿಗೆ ಪಕ್ಕಕ್ಕೆ ಸರಿಯಲು ಸಮಯವೇ ಇರುವುದಿಲ್ಲ. ಗಡಿಯ ಎರಡೂ ಕಡೆ ಒತ್ತಡ ಒಂದೇ ಆಗಿರಬೇಕು, ವೇಗವೂ ಒಂದೇ ಆಗಿರಬೇಕು ಎಂಬ ಎರಡು ಷರತ್ತುಗಳನ್ನು ಹಾಕಿ, ಮೇಲಿನ ಅಂಕಿಗಳಿಂದ ಕಬ್ಬಿಣದ ಗೆರೆಯನ್ನೂ ನೀರಿನ ಗೆರೆಯನ್ನೂ ಎಳೆದರೆ ಅವು ಸುಮಾರು 2.5 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ, ಎಂದರೆ ವಾಯುಮಂಡಲದ ಒತ್ತಡದ 25,000 ಪಟ್ಟಿನಲ್ಲಿ ಕೂಡುತ್ತವೆ. ಗಡಿಯ ವೇಗ ಆಗ ಸೆಕೆಂಡಿಗೆ ಸುಮಾರು 820 ಮೀಟರ್. ನೀರು ತನ್ನ ಮೆದುತನದಿಂದಾಗಿ ಕಬ್ಬಿಣದ ವೇಗವನ್ನು ಸೆಕೆಂಡಿಗೆ ಕೇವಲ 80 ಮೀಟರಿನಷ್ಟು ತಗ್ಗಿಸುತ್ತದೆ. ಸಾಂದ್ರತೆ ಮತ್ತು ಆಘಾತವೇಗಗಳ ಗುಣಲಬ್ಧಕ್ಕೆ ಆಘಾತ ಪ್ರತಿಬಾಧೆ ಎಂದು ಹೆಸರು, ಎರಡು ವಸ್ತುಗಳ ಪ್ರತಿಬಾಧೆಗಳನ್ನು ಎದುರುಬದುರು ಇಟ್ಟು ನೋಡುವ ಈ ಗೆರೆಗಳ ಲೆಕ್ಕವೇ ಇಂದಿಗೂ ಅಪ್ಪಳಿಕೆಯ ಎಲ್ಲ ಗಣನೆಗಳ ಮೊದಲ ಹೆಜ್ಜೆ.

ಈ ಮಹಾ ಒತ್ತಡ ಬಾಳುವುದು ಮಾತ್ರ ಮೈಕ್ರೋಸೆಕೆಂಡುಗಳಲ್ಲಿ. ತುಂಡಿನ ಅಂಚಿನಿಂದ ಒಳಕ್ಕೆ ಬರುವ ಸಡಿಲಿಕೆಯ ಅಲೆಗಳು ಒತ್ತಡವನ್ನು ಕಳೆಯುತ್ತವೆ, ಆಘಾತವು ತುಂಡನ್ನು ಹಿಂದೆ ಬಿಟ್ಟು ಅರೆಗೋಳಾಕಾರದಲ್ಲಿ ಹರಡುತ್ತ ಸೊರಗಿ ಶಬ್ದದಲೆಯಾಗುತ್ತದೆ, ಆ ಬಳಿಕ ತುಂಡಿನ ಮುಖದ ಮೇಲೆ ಉಳಿಯುವುದು ನೀರನ್ನು ಸೀಳಿಕೊಂಡು ಹೋಗುವುದರ ಒತ್ತಡ ಮಾತ್ರ. ಅದು ಸುಮಾರು 0.4 ಗಿಗಾಪ್ಯಾಸ್ಕಲ್, ಮೊದಲಿನದರ ಆರನೆಯ ಒಂದು ಪಾಲು. ಇದೇ ಕ್ಷಣಿಕ ಗುದ್ದಿನಿಂದ ಹಡಗಿನ ಚಾಲಕಚಕ್ರಗಳೂ ಉಗಿಚಕ್ರದ ಅಲಗುಗಳೂ ಸವೆಯುವುದನ್ನು ಎಸ್.ಎಸ್. ಕುಕ್ 1928ರಲ್ಲಿ ಲೆಕ್ಕ ಹಾಕಿ ತೋರಿಸಿದರು, ಜೆ. ಹೋವರ್ಡ್ ಮೆಕ್‌ಮಿಲನ್ 1945ರಲ್ಲಿ ಪುಟ್ಟ ಗೋಳಗಳನ್ನು ನೀರಿಗೆ ಹೊಡೆದು ಅವು ಎಬ್ಬಿಸುವ ಆಘಾತದ ಒತ್ತಡವನ್ನು ಅಳೆದರು.

ಶುದ್ಧ ದ್ರವದ ಕಥೆ ಇಷ್ಟು ಸುಲಭ. ತೊಡಕು ತಲೆಯೆತ್ತುವುದು ಮಿಶ್ರಣದಲ್ಲಿ. ನೀರಿನಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲು ಗಾಳಿಗುಳ್ಳೆಗಳನ್ನು ಬೆರೆಸಿದರೆ ಶಬ್ದದ ವೇಗ ನೀರಿನ 1,480ಕ್ಕೂ ಗಾಳಿಯ 340ಕ್ಕೂ ನಡುವೆ ಎಲ್ಲೋ ಇರಬಹುದೆಂದು ಯಾರಿಗಾದರೂ ತೋರುತ್ತದೆ. ವಾಸ್ತವದಲ್ಲಿ ಅದು ಸೆಕೆಂಡಿಗೆ ಸುಮಾರು 120 ಮೀಟರಿಗೆ ಕುಸಿಯುತ್ತದೆ. ನೀರು ಗಾಳಿ ಅರ್ಧರ್ಧವಾದರೆ 25 ಮೀಟರಿಗೂ ಕೆಳಗಿಳಿಯುತ್ತದೆ, ಎಂದರೆ ಹೆದ್ದಾರಿಯ ಕಾರು ಆ ನೊರೆಯಲ್ಲಿ ಶಬ್ದಾತೀತ ವಾಹನವೆನಿಸುತ್ತದೆ. ಕಾರಣವನ್ನು ಎ.ಬಿ. ವುಡ್ 1930ರ ತಮ್ಮ ಶಬ್ದಶಾಸ್ತ್ರದ ಪುಸ್ತಕದಲ್ಲಿ ವಿವರಿಸಿದ್ದಾರೆ: ಶಬ್ದದ ವೇಗವನ್ನು ನಿರ್ಧರಿಸುವುದು ಮಾಧ್ಯಮದ ಬಿಗಿತ ಮತ್ತು ಭಾರ, ಗುಳ್ಳೆಗಳು ಬೆರೆತಾಗ ಭಾರ ಬಹುಪಾಲು ನೀರಿನದೇ ಆಗಿ ಉಳಿಯುತ್ತದೆ, ಬಿಗಿತ ಮಾತ್ರ ಗಾಳಿಯದಾಗಿಬಿಡುತ್ತದೆ. ನೀರೊಳಗೆ ಬಂಡೆ ಸಿಡಿಸುವಾಗ ಹತ್ತಿರದ ಕಟ್ಟಡಗಳನ್ನು ಕಾಪಾಡಲು ನಡುವೆ ಗುಳ್ಳೆಗಳ ತೆರೆಯನ್ನು ಎಬ್ಬಿಸುವುದು ಈ ಗುಣವನ್ನು ನಂಬಿಯೇ. ಮಿಶ್ರಣವೆಂದರೆ ಸರಾಸರಿಯಲ್ಲ ಎಂಬ ಈ ಪಾಠ ಕಲ್ಲಿನ ವಿಷಯದಲ್ಲಿಯೂ ಮರುಕಳಿಸುತ್ತದೆ, ಏಕೆಂದರೆ ದಖ್ಖನಿನ ಬಸಾಲ್ಟ್ ಕೂಡ ಒಂದು ಮಿಶ್ರಣವೇ. ಪ್ರತಿಯೊಂದು ಲಾವಾ ಪದರದ ನಡುಭಾಗ ಗಟ್ಟಿಯಾಗಿದ್ದರೆ, ಅದರ ಮೇಲ್ಭಾಗ ಹೊರಬಿದ್ದ ಅನಿಲಗಳಿಂದ ಜೇನುಹುಟ್ಟಿನಂತೆ ಗುಳ್ಳೆಗುಳ್ಳೆಯಾಗಿರುತ್ತದೆ. ನಾಸಿಕ ಮತ್ತು ಸಂಭಾಜಿನಗರದ ಸುತ್ತಲಿನ ಕಲ್ಲುಗಣಿಗಳಲ್ಲಿ ಈ ಗುಳ್ಳೆಗಳನ್ನು ತುಂಬಿಕೊಂಡ ಜಿಯೋಲೈಟ್ ಎಂಬ ಬಿಳಿಯ, ನೀರುಹಿಡಿದ ಹರಳುಗಳು ಸಂಗ್ರಾಹಕರ ಕಣ್ಣು ಸೆಳೆಯುತ್ತವೆ. ಪದರ ಪದರಗಳ ನಡುವೆ ಕೆಂಪು ಜೇಡಿಯ ತೆಳುಹಾಸು, ಬಿರುಕುಗಳಲ್ಲಿ ಅಂತರ್ಜಲ.

ಲೋಣಾರದ ಕೊಳವನ್ನು ಬ್ರಿಟಿಷ್ ಅಧಿಕಾರಿ ಸಿ.ಜೆ.ಇ. ಅಲೆಕ್ಸಾಂಡರ್ 1823ರಲ್ಲಿ ಗುರುತಿಸಿ ಬರೆದ ಬಳಿಕ ಬಹುಕಾಲ ಅದನ್ನು ಜ್ವಾಲಾಮುಖಿಯ ಬಾಯಿ ಎಂದೇ ಹಲವರು ತಿಳಿದಿದ್ದರು. ಸುತ್ತಲೂ ಲಾವಾ ಶಿಲೆಯೇ ಇರುವಾಗ ಅದು ಅಸಹಜವಾದ ಊಹೆಯೂ ಅಲ್ಲ. ಅದು ಹೊರಗಿನಿಂದ ಬಿದ್ದ ಕಾಯವೊಂದರ ಕೆಲಸ ಎಂಬುದು ದೃಢಪಟ್ಟದ್ದು ಕರ್ಟ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಅದರ ಮುಖ್ಯ ಸಾಕ್ಷಿ ಮ್ಯಾಸ್ಕೆಲಿನೈಟ್ ಎಂಬ ಗಾಜು. ಬಸಾಲ್ಟಿನ ಬಹುಪಾಲನ್ನು ಕಟ್ಟುವ ಪ್ಲೇಜಿಯೋಕ್ಲೇಸ್ ಎಂಬ ಖನಿಜವು ಆಘಾತಕ್ಕೆ ಸಿಲುಕಿದಾಗ ಹರಳಿನ ಹೊರ ಆಕಾರವನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಅಣುವ್ಯವಸ್ಥೆಯನ್ನು ಕಳೆದುಕೊಂಡು ಗಾಜಾಗುತ್ತದೆ. ಜ್ವಾಲಾಮುಖಿಗಳು ತಲುಪಬಲ್ಲ ಒತ್ತಡಗಳಲ್ಲಿ ಇದು ನಡೆಯದು. ಈ ಗಾಜನ್ನು ಚೆರ್ಮಾಕ್ ಎಂಬ ವಿಜ್ಞಾನಿ ಮೊದಲು ಗುರುತಿಸಿದ್ದು 1872ರಲ್ಲಿ, 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಎಂಬುದು ಒಂದು ಚೆಂದದ ಆಕಸ್ಮಿಕ. ಆರ್ಗಾನ್ ಸಮಸ್ಥಾನಿಗಳ ಅಳತೆಯಿಂದ 2011ರಲ್ಲಿ ಪ್ರಕಟವಾದ ಲೆಕ್ಕದಂತೆ ಕುಳಿಯ ವಯಸ್ಸು ಸುಮಾರು 5,70,000 ವರ್ಷ; ಅದಕ್ಕೂ ಮೊದಲು ಬೇರೊಂದು ವಿಧಾನದಿಂದ ಅದು ಸುಮಾರು 52,000 ವರ್ಷ ಎಂಬ ಲೆಕ್ಕ ಬಳಕೆಯಲ್ಲಿತ್ತು.

ಗಣನೆಗಾಗಿ 60 ಮೀಟರ್ ವ್ಯಾಸದ ಕಲ್ಲಿನ ಕ್ಷುದ್ರಗ್ರಹವೊಂದು ಸೆಕೆಂಡಿಗೆ 15 ಕಿಲೋಮೀಟರ್ ವೇಗದಲ್ಲಿ ಬಸಾಲ್ಟಿಗೆ ಬಡಿಯಿತೆಂದು ಇಟ್ಟುಕೊಳ್ಳಬಹುದು. ಬಡಿಯುವುದೂ ಬಡಿಸಿಕೊಳ್ಳುವುದೂ ಹೆಚ್ಚುಕಡಿಮೆ ಒಂದೇ ಬಗೆಯ ಕಲ್ಲಾದ್ದರಿಂದ ಗಡಿಯ ವೇಗ ಅರ್ಧಕ್ಕೆ, ಏಳೂವರೆ ಕಿಲೋಮೀಟರಿಗೆ ಬಂದು ನಿಲ್ಲುತ್ತದೆ. ಹಿಂದಿನ ಅಂಕಿಗಳಂತೆ ಆಘಾತದ ವೇಗ ಸೆಕೆಂಡಿಗೆ ಸುಮಾರು 14.7 ಕಿಲೋಮೀಟರ್, ಒತ್ತಡ 300 ಗಿಗಾಪ್ಯಾಸ್ಕಲಿಗೂ ತುಸು ಹೆಚ್ಚು. ಒಳ್ಳೆಯ ಬಸಾಲ್ಟಿನ ತುಂಡನ್ನು ಯಂತ್ರದಲ್ಲಿಟ್ಟು ಅದುಮಿದರೆ ಅದು ಪುಡಿಯಾಗುವುದು 0.1ರಿಂದ 0.3 ಗಿಗಾಪ್ಯಾಸ್ಕಲಿನ ಆಸುಪಾಸಿನಲ್ಲಿ. ಒಡ್ಡಿದ ಒತ್ತಡವು ಕಲ್ಲಿನ ತಾಳಿಕೆಗಿಂತ ಸಾವಿರ ಪಟ್ಟು ಮಿಗಿಲಾದಾಗ ಆ ತಾಳಿಕೆಯನ್ನು ಲೆಕ್ಕಕ್ಕೆ ತಂದರೂ ಬಿಟ್ಟರೂ ಉತ್ತರ ಬದಲಾಗದು, ತಾಳಿಕೆಯನ್ನು ಬಿಟ್ಟ ಘನವಸ್ತುವಿನ ಸಮೀಕರಣವೇ ದ್ರವದ ಸಮೀಕರಣ. ಕುಳಿಗಳನ್ನು ಗಣಕದಲ್ಲಿ ಅನುಕರಿಸುವ ತಂತ್ರಾಂಶಗಳಿಗೆ ಇಂದಿಗೂ ಹೈಡ್ರೋಕೋಡ್, ಎಂದರೆ ಜಲಸಂಕೇತ ಎಂಬ ಹೆಸರು ಅಂಟಿಕೊಂಡಿರುವುದಕ್ಕೆ ಇದೇ ಕಾರಣ. ಆಘಾತವು ಕ್ಷುದ್ರಗ್ರಹವನ್ನು ಮುಂದಿನಿಂದ ಹಿಂದಕ್ಕೆ ಹಾಯಲು ಸುಮಾರು 4 ಮಿಲಿಸೆಕೆಂಡು ಸಾಕು. ಕಲ್ಲು ನೀರು ಕರಗುವ ಹೊತ್ತು ಎಂದು ಕನ್ನಡದಲ್ಲಿ ನಟ್ಟಿರುಳನ್ನು ಕರೆಯುವುದುಂಟು. ಲೋಣಾರದಲ್ಲಿ ಆ ಹೊತ್ತು ಕಣ್ಣೆವೆ ಬಡಿಯುವ ಕಾಲದ ಒಂದು ಸಣ್ಣ ಪಾಲು.

ಮಿಶ್ರಣದ ಪ್ರಶ್ನೆ ಮತ್ತೆ ಎದುರಾಗುವುದು ಇಲ್ಲಿ. ಬಸಾಲ್ಟಿನ ಗುಳ್ಳೆಯೊಂದರಲ್ಲಿ ನೀರಿದೆ ಎಂದಾಗ ಕಲ್ಲಿಗೆ ಒಂದು ಗೆರೆ, ನೀರಿಗೆ ಇನ್ನೊಂದು ಗೆರೆ ಇರುವಾಗ ಎರಡರ ಕೂಟಕ್ಕೆ ಯಾವ ಗೆರೆ ಎಂಬುದನ್ನು ಗುಳ್ಳೆಯ ಗಾತ್ರವೇ ತೀರ್ಮಾನಿಸುತ್ತದೆ. ಒಂದು ಮಿಲಿಮೀಟರ್ ಅಗಲದ ಗುಳ್ಳೆಯಲ್ಲಿ ಒತ್ತಡ ಸಮನಾಗಲು ಮೈಕ್ರೋಸೆಕೆಂಡಿಗೂ ಕಡಿಮೆ ಕಾಲ ಸಾಕು. ಶಾಖ ಹರಿದು ತಾಪಮಾನ ಸಮನಾಗಲು ಸೆಕೆಂಡಿನಷ್ಟು ಬೇಕು. ಆಘಾತದ ಆಯುಷ್ಯ ಮಿಲಿಸೆಕೆಂಡುಗಳಲ್ಲಿ ಇರುವುದರಿಂದ ಕಲ್ಲೂ ನೀರೂ ಒಂದೇ ಒತ್ತಡವನ್ನು ಹಂಚಿಕೊಳ್ಳುತ್ತವೆ, ಬಿಸಿಯನ್ನು ಹಂಚಿಕೊಳ್ಳಲು ಅವಕ್ಕೆ ಪುರುಸೊತ್ತಿಲ್ಲ. ಆದುದರಿಂದ ಒಂದೇ ಒತ್ತಡದಲ್ಲಿ ಕಲ್ಲಿನ ಪಾಲು ಎಷ್ಟು ಕುಗ್ಗುತ್ತದೆ, ನೀರಿನ ಪಾಲು ಎಷ್ಟು ಕುಗ್ಗುತ್ತದೆ ಎಂದು ಬೇರೆ ಬೇರೆಯಾಗಿ ನೋಡಿ ಗಾತ್ರಗಳನ್ನು ಕೂಡಿಸುವುದು ರೂಢಿಯ ವಿಧಾನ. 20 ಗಿಗಾಪ್ಯಾಸ್ಕಲಿನಲ್ಲಿ ಬಸಾಲ್ಟ್ ತನ್ನ ಗಾತ್ರದ ಸುಮಾರು 29 ಪ್ರತಿಶತ ಕುಗ್ಗಿದರೆ ನೀರು 46 ಪ್ರತಿಶತ ಕುಗ್ಗುತ್ತದೆ. ಹತ್ತರಲ್ಲಿ ಒಂದು ಪಾಲು ನೀರಿರುವ ಕಲ್ಲು 31 ಪ್ರತಿಶತ, ಒಣಕಲ್ಲಿಗಿಂತ ಎರಡೇ ಅಂಕ ಹೆಚ್ಚು. ಅದೇ ಹತ್ತನೆಯ ಒಂದು ಪಾಲು ಬರಿದಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಬರಿಯ ಗುಳ್ಳೆಗಳು ಪೂರ್ತಿ ಮುಚ್ಚಿಹೋಗಿ ಒಟ್ಟು ಕುಗ್ಗುವಿಕೆ 36 ಪ್ರತಿಶತಕ್ಕೆ ಏರುತ್ತದೆ, ಮತ್ತು ಒತ್ತಡವನ್ನು ಕುಗ್ಗಿದ ಗಾತ್ರದಿಂದ ಗುಣಿಸಿ ಅರ್ಧ ಮಾಡಿದರೆ ಒಳಶಕ್ತಿಯ ಏರಿಕೆ ಸಿಗುತ್ತದೆ ಎಂಬ ಶಕ್ತಿನಿಯಮದ ಪ್ರಕಾರ ಪ್ರತಿ ಕಿಲೋಗ್ರಾಂ ಕಲ್ಲು ಗಟ್ಟಿ ಕಲ್ಲಿಗಿಂತ ಸರಿಸುಮಾರು 40 ಪ್ರತಿಶತ ಹೆಚ್ಚು ಶಕ್ತಿಯನ್ನು ನುಂಗುತ್ತದೆ. ಖಾಲಿ ಜಾಗ ಬಿಸಿಯನ್ನು ಹುಟ್ಟಿಸುತ್ತದೆ, ಆಘಾತವನ್ನು ಬೇಗನೆ ಸೊರಗಿಸುತ್ತದೆ; ನೀರು ತುಂಬಿದ ಜಾಗ ಎರಡನ್ನೂ ತಡೆಯುತ್ತದೆ. ಗುಳ್ಳೆಗಳು ಒತ್ತಡಕ್ಕೆ ತಕ್ಕಂತೆ ಹಂತಹಂತವಾಗಿ ಮುಚ್ಚಿಕೊಳ್ಳುವ ಪರಿಯನ್ನು ಸಮೀಕರಣಕ್ಕೆ ತಂದವರು ಡಬ್ಲ್ಯು. ಹರ್ಮನ್, 1969ರಲ್ಲಿ, ಅವರ ಮಾದರಿಯೇ ಇಂದಿನ ತಂತ್ರಾಂಶಗಳಲ್ಲಿ ನಾನಾ ರೂಪಗಳಲ್ಲಿ ಮುಂದುವರಿದಿದೆ.

ಗಣಕದೊಳಗೆ ಈ ನೆಲವನ್ನು ಚೌಕಾಬಾರದ ಮನೆಗಳಂತೆ ಸಣ್ಣ ಸಣ್ಣ ಚೌಕಗಳಾಗಿ ಹೆಚ್ಚಿ, ಪ್ರತಿಯೊಂದು ಮನೆಗೂ ಸಾಂದ್ರತೆ, ವೇಗ, ಶಕ್ತಿಗಳ ಒಂದೊಂದು ಬೆಲೆಯನ್ನು ಕೊಟ್ಟು, ಕಾಲವನ್ನು ಕಿರುಹೆಜ್ಜೆಗಳಲ್ಲಿ ಮುಂದಕ್ಕೆ ನಡೆಸಲಾಗುತ್ತದೆ. ಆಘಾತದ ಗೋಡೆ ಒಂದು ಮನೆಯ ಅಗಲಕ್ಕಿಂತ ಎಷ್ಟೋ ಪಟ್ಟು ತೆಳುವಾದುದರಿಂದ ಅದನ್ನು ಇದ್ದಂತೆ ಹಿಡಿಯಲಾಗದು; ವಾನ್ ನ್ಯೂಮನ್ ಮತ್ತು ರಿಚ್‌ಮೈಯರ್ 1950ರಲ್ಲಿ ಸಮೀಕರಣಗಳಿಗೆ ಕೃತಕವಾದ ಒಂದಿಷ್ಟು ಜಿಗುಟನ್ನು ಬೆರೆಸಿ ಗೋಡೆಯನ್ನು ಮೂರುನಾಲ್ಕು ಮನೆಗಳ ಅಗಲಕ್ಕೆ ಹರಡುವ ಉಪಾಯ ಕಂಡುಹಿಡಿದರು. ಅದು ಬೇಕೆಂದೇ ಹೇಳಿದ ಸುಳ್ಳು, ಆದರೆ ಗೋಡೆಯ ಆಚೀಚಿನ ಬೆಲೆಗಳನ್ನು ಕೆಡಿಸದ ಸುಳ್ಳು. ಒಂದೇ ಮನೆಯಲ್ಲಿ ಕಲ್ಲು, ನೀರು, ಹಬೆ ಮೂರೂ ಸಂಸಾರ ಹೂಡಿದಾಗ ಮಾತ್ರ ಇಷ್ಟು ನಿರುಪದ್ರವಿ ಉಪಾಯ ಸಿಗುವುದಿಲ್ಲ. ಒತ್ತಡವನ್ನು ಹೇಗೆ ಹಂಚಬೇಕು, ಯಾವುದು ಮೊದಲು ಹೊರಗೆ ಹರಿಯಬೇಕು ಎಂಬುದನ್ನು ತಂತ್ರಾಂಶ ಬರೆದವರೇ ನಿರ್ಧರಿಸಬೇಕಾಗುತ್ತದೆ. ಗಣಕ ಎಷ್ಟೇ ವೇಗವಾದರೂ ಮಿಶ್ರಮನೆಯ ಈ ಕಟ್ಟಳೆಗಳು ದುರ್ಬಲವಾಗಿದ್ದರೆ ಬಣ್ಣಬಣ್ಣದ ಚಿತ್ರಗಳಿಗೆ ಬೆಲೆಯಿಲ್ಲ. ಇದರ ಮೇಲೆ ಇನ್ನೊಂದು ಮಿತಿ: ಪ್ರಯೋಗಾಲಯದ ಅನಿಲ ತೋಪುಗಳು ಗುಂಡನ್ನು ಓಡಿಸಬಲ್ಲದ್ದು ಸಾಮಾನ್ಯವಾಗಿ ಸೆಕೆಂಡಿಗೆ ಏಳೆಂಟು ಕಿಲೋಮೀಟರಿನವರೆಗೆ, ಕ್ಷುದ್ರಗ್ರಹದ 15 ಕಿಲೋಮೀಟರಿಗೆ ಗೆರೆಯನ್ನು ಎಳೆದು ಉದ್ದಮಾಡಿಕೊಳ್ಳಬೇಕು.

ಆದ್ದರಿಂದ ಲೆಕ್ಕವನ್ನು ಒರೆಗೆ ಹಚ್ಚಲು ಲೋಣಾರದ ಕಲ್ಲುಗಳೇ ಬೇಕು. ಸೂಸನ್ ಕೀಫರ್ ಮತ್ತು ಸಂಗಡಿಗರು 1976ರಲ್ಲಿ ಅಲ್ಲಿನ ಬಸಾಲ್ಟ್ ತುಣುಕುಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು: 20 ಗಿಗಾಪ್ಯಾಸ್ಕಲಿಗೆ ಕೆಳಗೆ ಬಿರುಕು ಮಾತ್ರ, 20ರಿಂದ 40ರ ನಡುವೆ ಮ್ಯಾಸ್ಕೆಲಿನೈಟ್, ಅದರ ಮೇಲೆ ಗಾಜು ಹರಿದು ಗುಳ್ಳೆಯೇಳುವ ಹಂತಗಳು, 80ಕ್ಕೂ ಮೇಲೆ ಇಡೀ ಕಲ್ಲಿನ ಕರಗುವಿಕೆ. ಕರಗುವಿಕೆ ನಡೆಯುವುದು ಒತ್ತಡ ಏರುವಾಗಲ್ಲ, ಇಳಿದ ಮೇಲೆ. ಏರುವಾಗ ಹೋದ ದಾರಿಯಲ್ಲಿಯೇ ಕಲ್ಲು ಇಳಿದು ಬರುವುದಿಲ್ಲ. ಎರಡು ದಾರಿಗಳ ನಡುವಿನ ಶಕ್ತಿಯ ವ್ಯತ್ಯಾಸ ಬಿಸಿಯಾಗಿ ಉಳಿಯುತ್ತದೆ, ಸಾಕಷ್ಟು ಉಳಿದರೆ ಕಲ್ಲು ಕರಗುತ್ತದೆ. ನೀರಿಗೆ ಇದೇ ಇಳಿಜಾರಿನಲ್ಲಿ ಹಬೆಯಾಗಲು ಕಲ್ಲು ಕರಗುವುದಕ್ಕೆ ಬೇಕಾದ ಒತ್ತಡದ ಹತ್ತರಲ್ಲಿ ಒಂದೆರಡು ಪಾಲು ಸಾಕು. ಹೀಗಾಗಿ ಬಸಾಲ್ಟ್ ಬರಿದೆ ಬಿರುಕುಬಿಟ್ಟ ವಲಯದಲ್ಲಿಯೂ ಅದರೊಳಗಿನ ನೀರು ಸಿಡಿದು ಹೊರಡಲು ಅಣಿಯಾಗಿರುತ್ತದೆ. ಮಂಗಳ ಗ್ರಹದ ಅನೇಕ ಕುಳಿಗಳ ಸುತ್ತ ಕೆಸರು ಚೆಲ್ಲಿದಂತೆ ಹಬ್ಬಿರುವ ಕಲ್ಲುಮಣ್ಣಿನ ಹಾಸು ನೆಲದೊಳಗಿನ ನೀರು ಇಲ್ಲವೆ ಹಿಮದ ಕೆಲಸವಿರಬಹುದೆಂದು ಹಲವು ತಜ್ಞರು ಊಹಿಸುವುದು ಇದರಿಂದಲೇ, ಮತ್ತು ಬಸಾಲ್ಟಿನಲ್ಲಿಯೇ ಮೂಡಿದ ಕುಳಿಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟೇ ಇರುವುದರಿಂದ ಮಂಗಳದ ಅಭ್ಯಾಸಿಗಳು ಲೋಣಾರವನ್ನು ಹುಡುಕಿಕೊಂಡು ಬರುತ್ತಾರೆ.

ದ್ರವದ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಆ ಕುಳಿಯ ಅಂಚು ಹೇಳುತ್ತದೆ. ಸಮುದ್ರಕ್ಕೆ ಬಡಿದ ಕ್ಷುದ್ರಗ್ರಹವೂ ಇಂಥದೇ ಬಟ್ಟಲನ್ನು ತೆರೆಯುತ್ತದೆ, ಆದರೆ ನೀರು ಮರಳಿ ಕೂಡಿಕೊಂಡು ಗುರುತನ್ನೇ ಅಳಿಸಿಬಿಡುತ್ತದೆ. ಸುಮಾರು 25 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಪೆಸಿಫಿಕ್‌ನ ಆಳನೀರಿಗೆ ಬಿದ್ದ ಎಲ್ಟಾನಿನ್ ಕ್ಷುದ್ರಗ್ರಹದ ಚೂರುಗಳು ಸಮುದ್ರತಳದ ಕೆಸರಿನಲ್ಲಿ ಸಿಕ್ಕಿವೆ, ಕುಳಿ ಸಿಕ್ಕಿಲ್ಲ. ಲೋಣಾರದಲ್ಲಿ ಬಟ್ಟಲು ತೆರೆದುಕೊಳ್ಳುವ ಕೆಲವು ಸೆಕೆಂಡುಗಳೊಳಗೆ ಒತ್ತಡ ಇಳಿದು, ಕಲ್ಲಿನ ತಾಳಿಕೆ ಮತ್ತೆ ಲೆಕ್ಕಕ್ಕೆ ಬಂತು. ಹೊರಕ್ಕೆ ಎಸೆಯಲ್ಪಡುತ್ತಿದ್ದ ಲಾವಾ ಪದರಗಳು ಅಂಚಿನ ಬಳಿ ಪೂರ್ತಿ ಚದುರಿಹೋಗದೆ, ಚಾಪೆಯ ತುದಿಯನ್ನು ಹಿಂದಕ್ಕೆ ಮಡಿಸಿದಂತೆ ಮಗುಚಿಕೊಂಡು ನಿಂತವು. ಆ ಮಡಿಕೆಯಲ್ಲಿ ಮೂಲತಃ ಕೆಳಗಿದ್ದ ಪದರ ಮೇಲೆ, ಮೇಲಿದ್ದದ್ದು ಕೆಳಗೆ, ಗುಳ್ಳೆ ತುಂಬಿದ ಅದರ ನೆತ್ತಿ ನೆಲದ ಕಡೆಗೆ ಮುಖ ಮಾಡಿಕೊಂಡು ಇಂದಿಗೂ ಇದೆ.